ಕಟ್ ಆಗದ ಮಿಸ್‌ಕಾಲ್

ಸಿಂದಗಿಯ ರುಕ್ಮವ್ವನ ಅನುಮಾನಕ್ಕೆ ಗುರಿಯಾಗದೆ ಉಳಿದದ್ದು ಅವಳ ಎಮ್ಮೆಯೊಂದೇ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಇದು ಓಣಿಯವರ ಅಜ್ಞಾನ. ಎಮ್ಮೆಯ ಮೇಲೂ ಅನುಮಾನವಿತ್ತು. ಕರುವಿಗೆಂದು ಹಾಲು ಎತ್ತಿಟ್ಟುಕೊಂಡು ತನಗೆ ಕಡಿಮೆ ಕೊಡುತ್ತದೆ ಎಂದು ಅವಳು ಅದರ ಮುಖವನ್ನೇ ದಿಟ್ಟಿಸುತ್ತಾ ಹಿಂಡುತ್ತಿದ್ದಳು. ಎಮ್ಮೆ ಬೇರೆ ಕಡೆ ನೋಡುತ್ತಿತ್ತು. ಅದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಈ ವಿದ್ಯೆ ಅವಳಿಗೆ ಹುಟ್ಟಿನಿಂದ ಬಂದದ್ದು. ಇಂಡಿ ತಾಲೂಕಿನ ಅಗರಖೇಡದಲ್ಲಿ ಲಂಗ ಉಟ್ಟುಕೊಂಡು ಓಡಾಡುವ ವಯಸ್ಸಿನಲ್ಲೇ, ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಿದವಳ ಬೆರಳಸಂದಿಯನ್ನು ತಪಾಸಣೆ ಮಾಡುವ ಅಧಿಕಾರವನ್ನು ಗೆಳತಿಯರು ಅವಳಿಗೇ ಒಪ್ಪಿಸಿದ್ದರು. ಮದುವೆಯಲ್ಲಿ ಅಂತರಪಟ ಸರಿದಾಗ ಬೇರೆ ಹೆಣ್ಣುಮಕ್ಕಳು ನಾಚಿ ತಲೆ ತಗ್ಗಿಸುತ್ತಾರೆ. ಇವಳು ತಲೆ ಎತ್ತಿ, ತನಗೆ ಅಂದು ತೋರಿಸಿದ ಗಂಡೂ ಇಂದು ಎದುರಿಗೆ ನಿಂತ ಗಂಡೂ ಒಬ್ಬನೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡಳು. ಮೀಸೆ ಹೊಂದಿತು. ಅಕ್ಷತೆ ಬಿತ್ತು.

ಸಿಂದಗಿಗೆ ಬಂದ ಮೇಲೆ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕಸುಬು ಹಿಡಿದಳು. ಗಿರಣಿಯಲ್ಲಿ ತನ್ನ ಜೋಳ ಬೀಸುವಾಗ ಹಿಟ್ಟು ಬೀಳುವ ಬಾಯಿಯ ಮುಂದೆಯೇ ಕೂತು, ರೆಪ್ಪೆಯವರೆಗೂ ಬೆಳ್ಳಗಾಗಿ ಎದ್ದು ಬರುತ್ತಿದ್ದಳು. ತನ್ನ ಹಿಟ್ಟು ಗಿರಣಿಯವನ ಡಬ್ಬಿ ಸೇರುವುದಕ್ಕಿಂತ ತನ್ನ ಮೈಮೇಲಿರುವುದು ಲೇಸು ಎಂಬುದು ಅವಳ ವಾದ.

ಇಂಥ ಮಹಾಶಕ್ತಿಗೆ ಗಂಡನಾಗಿ ದೊರೆತವನು ದುಂಡೇಶ. ಬಾಡಿಗೆಯ ಟ್ರ್ಯಾಕ್ಸ್ ಗಾಡಿಯ ಚಾಲಕ, ಪಾಪದ ಮನುಷ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ನಡುವೆ ಹತ್ತು ಜನರ ಗಾಡಿಯಲ್ಲಿ ಹದಿನೆಂಟು ಜನರನ್ನು ಹೊತ್ತು ತಿರುಗುವುದು ಅವನ ದಿನಚರಿ. ನಾಲ್ಕು ಊರಿದ್ದ ಮೇಲೆ ನಾಲ್ಕು ಸಂಸಾರ ಇರಲಾರವೇ? ಹದಿನೆಂಟು ಜನ ಇದ್ದ ಮೇಲೆ ಅದರಲ್ಲಿ ಒಬ್ಬ ಹೆಣ್ಣುಮಗಳು ಇರಲಾರಳೇ? ಲೆಕ್ಕಶಾಸ್ತ್ರವೇ ರುಕ್ಮವ್ವನ ಪಕ್ಷದಲ್ಲಿತ್ತು. ಇಪ್ಪತ್ತು ವರ್ಷ ಅವಳು ಬಾವಿಕಟ್ಟೆಯಲ್ಲೂ ಗಿರಣಿಯಲ್ಲೂ ಲಗ್ನದ ಪಂಕ್ತಿಗಳಲ್ಲೂ, "ನಮ್ಮ ಮನಿಯವರು ಎಲ್ಲೋ ಒಂದ್ ಕಡೆ ಕಾಲು ಜಾರ್‍ಯಾರ. ಎಲ್ಲಿ ಅಂಬೂದೊಂದ ತಿಳೀಬೇಕು" ಎಂದು ಸಾರಿಕೊಂಡೇ ಬಂದಳು.

ಅಷ್ಟರಲ್ಲಿ ಮೊಬೈಲು ಬಂತು.

ಅರ್ಜುನನಿಗೆ ಗಾಂಡೀವ ಬಂದಾಗ ಎಷ್ಟು ಹಿಗ್ಗಾಗಿತ್ತೋ ಗೊತ್ತಿಲ್ಲ. ರುಕ್ಮವ್ವನ ಕೈಗೆ ಗುಂಡಿ ಫೋನು ಬಂದಾಗ ಅದಕ್ಕಿಂತ ಹೆಚ್ಚೇ ಆಗಿರಬೇಕು. ಅವಳಿಗೊಂದು, ಗಂಡನಿಗೊಂದು, ಎರಡೂ ಹಳೆಯವು. ಅದೇ ವಾರ ಮಿಸ್‌ಕಾಲಿನ ಕಾಯಿದೆ ಜಾರಿಗೆ ಬಂತು. ಅವಳು ಮಿಸ್‌ಕಾಲ್ ಕೊಡಬೇಕು; ದುಂಡೇಶ ಮೂರನೇ ರಿಂಗಿನೊಳಗೆ ಅದನ್ನು ಕಟ್ ಮಾಡಬೇಕು. ಕಟ್ ಎಂದರೆ ‘ಜೀವಂತ ಇದ್ದೇನೆ, ಗಾಡಿ ಹೊಡೆಯುತ್ತಿದ್ದೇನೆ, ಪಕ್ಕದಲ್ಲಿ ಯಾರೂ ಇಲ್ಲ’ ಎಂದು ಅರ್ಥ. ಪೈಸಾ ಖರ್ಚಿಲ್ಲ. ದಿನಕ್ಕೆ ನಲವತ್ತು ಸಲ ಈ ಹಾಜರಿ ನಡೆಯುತ್ತಿತ್ತು. ಗದ್ದಲದಲ್ಲಿ ಕೇಳಿಸಲಿಲ್ಲ ಎಂಬ ನೆವ ಬರಬಾರದೆಂದು ಫೋನನ್ನು ಬರೀ ನಡುಗುವಂತೆ ಮಾಡಿಸಿದಳು. ಗಾಡಿಯಲ್ಲಿ ಬಿಟ್ಟಿದ್ದೆ ಎಂಬ ನೆವ ಬರಬಾರದೆಂದು ಅವನ ಪಟ್ಟಾಪಟ್ಟಿ ಚಡ್ಡಿಗೆ ಒಳಗಡೆ ಒಂದು ಕಿಸೆ ಹೊಲಿದು ಅದರಲ್ಲಿ ಇಡಿಸಿದಳು. ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ದುಂಡೇಶ ಮಾತಾಡುತ್ತಾ ನಿಂತವನು ಒಮ್ಮೆಲೇ ಬೆಚ್ಚಿ, ಧೋತರದೊಳಗೆ ಕೈ ಹಾಕುವುದನ್ನು ಕಂಡು ಉಳಿದ ಚಾಲಕರು, "ಬಂತಪಾ ಅರಮನಿ ಹುಕುಂ" ಎಂದು ನಗುತ್ತಿದ್ದರು.

ಎರಡು ಸಾವಿರದ ಏಳನೇ ಇಸವಿ, ಎಳೆ ತೆನೆ ಸುಟ್ಟು ತಿನ್ನುವ ಸೀತನಿ ಮುಗಿದು ಜೋಳ ಕಟಾವಿಗೆ ಬಂದ ದಿನಗಳು. ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ರುಕ್ಮವ್ವ ಕೊಟ್ಟ ಮಿಸ್‌ಕಾಲ್ ಕಟ್ ಆಗಲಿಲ್ಲ. ರಿಂಗು ಪೂರ್ತಿ ಆಗಿ ತಾನೇ ಸುಮ್ಮನಾಯಿತು. ಮತ್ತೆ ಕೊಟ್ಟಳು. ಮತ್ತೆ ಪೂರ್ತಿ. ಹಂಚಿನ ಮೇಲಿನ ರೊಟ್ಟಿ ಕರ್‍ರಗಾಯಿತು. ಅವಳ ಇಪ್ಪತ್ತು ವರ್ಷದ ಕಸುಬಿನಲ್ಲಿ ಸುಟ್ಟ ಮೊದಲ ರೊಟ್ಟಿ ಅದು. ಸಂಜೆಯಾಯಿತು, ಗಾಡಿ ಬರಲಿಲ್ಲ. ಬೆಳಗಾಯಿತು, ಗಾಡಿಯೂ ಇಲ್ಲ, ಗಂಡನೂ ಇಲ್ಲ. ಬಸ್ ಸ್ಟ್ಯಾಂಡಿನ ಚಹಾದ ಬಾಬುಲಾಲನನ್ನು ಕೇಳಿದರೆ, "ಪ್ಯಾಂಟ್ ಹಾಕ್ಕೊಂಡ ಇಬ್ಬರು ಗಂಡಸರು ಬಂದು ಇಡೀ ಗಾಡಿ ಬಾಡಿಗಿ ಹಿಡಿದ್ರು ವೈನಿ. ಮುದ್ದೇಬಿಹಾಳಕ್ಕ ಪೇಷಂಟ್ ಒಯ್ಯೂದೈತಿ ಅಂದ್ರು" ಎಂದ. ರುಕ್ಮವ್ವ ಮಗಳು ರಾಜಶ್ರೀಯನ್ನು ಕರೆದುಕೊಂಡು ಠಾಣೆಗೆ ನಡೆದಳು.

ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಖಂಡೆಪ್ಪ ಕೂತಿದ್ದ. ಹೊಟ್ಟೆ ದೊಡ್ಡದು, ಮನಸ್ಸೂ ಚಿಕ್ಕದಲ್ಲ. ಆದರೆ ಅವನ ಹೆಂಡತಿ ದಿನಾ ಗಿರಣಿಗೆ ಹೋಗುವವಳು. ಹಾಗಾಗಿ ದುಂಡೇಶನ ಇಪ್ಪತ್ತು ವರ್ಷಗಳ ಚರಿತ್ರೆ ಅವನಿಗೆ ಬಾಯಿಪಾಠವಾಗಿತ್ತು.

"ಗಂಡನ ಹೆಸರು ಹೇಳವ್ವಾ" ಎಂದ, ಪೆನ್ನು ಹಿಡಿದು.

ರುಕ್ಮವ್ವ ಮಗಳ ಮುಖ ನೋಡಿದಳು. ಗಂಡನನ್ನು ಎಷ್ಟಾದರೂ ಅನುಮಾನಿಸಬಹುದು, ಹೆಸರು ಹಿಡಿಯುವಂತಿಲ್ಲ. ರಾಜಶ್ರೀ ಬಾಯಿ ತೆರೆದಳು. "ನೀ ಸುಮ್ಕಿರು" ಎಂದ ಖಂಡೆಪ್ಪ. "ಫಿರ್ಯಾದಿ ಕೊಡಾಕಿ ನಿಮ್ಮವ್ವ. ಆಕೀನ ಹೇಳಬೇಕು."

ಬೇರೆ ದಾರಿಯಿರಲಿಲ್ಲ. ರುಕ್ಮವ್ವ ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಮದುವೆಯ ಮನೆಯಲ್ಲಿ ಹಾಕುವಂತೆ ಗಂಡನ ಹೆಸರು ಸೇರಿಸಿ ಒಡಪು ಹಾಕಿದಳು:

"ಸಿಂದಗಿ ಸಂತ್ಯಾಗ ತಂದೆ ಪ್ಯಾರಲ ಹಣ್ಣು,
ದುಂಡೇಶರ ಮ್ಯಾಲ ಯಾವತ್ತೂ ನನ್ನ ಕಣ್ಣು."

ಲಾಕಪ್ಪಿನೊಳಗಿದ್ದ ಒಬ್ಬ ಚಪ್ಪಾಳೆ ತಟ್ಟಿದ. ಖಂಡೆಪ್ಪ ಹೆಸರು ಬರೆದುಕೊಂಡು ಕುರ್ಚಿಗೆ ಒರಗಿದ.

"ಕಣ್ಣು ಇಟ್ಟರೂ ತಪ್ಪಿಸ್ಕೊಂಡಾನಲ್ಲಬೇ! ನೀನಽ ಇಪ್ಪತ್ತು ವರ್ಷದಿಂದ ಹೇಳ್ಕೋತ ಬಂದಿ, ಎಲ್ಲೋ ಒಬ್ಬಾಕಿ ಅದಾಳ ಅಂತ. ಈಗ ಆಕಿ ಕಡೆ ಹೋಗ್ಯಾನ. ನಿನ್ನ ಮಾತು ಖರೇ ಆತು. ಪೇಢೆ ಹಂಚೂದು ಬಿಟ್ಟು ಫಿರ್ಯಾದಿ ಕೊಡಾಕ ಬಂದೀಯಲ್ಲ!"

ಇಪ್ಪತ್ತು ವರ್ಷ ರುಕ್ಮವ್ವ ತಾನೇ ಕಲ್ಲು ಕಲ್ಲು ಹೊತ್ತು ಕಟ್ಟಿದ ಕೋಟೆ ಇದು. ಈಗ ತಾನೇ ಹೊರಗೆ ನಿಂತು ಬಾಗಿಲು ಬಡಿಯಬೇಕಾಗಿತ್ತು. ಗಂಡ ಎಲ್ಲೋ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದರೆ, ಅವನನ್ನು ಕೊಲ್ಲುವುದು ಕಳ್ಳರಲ್ಲ, ಗಿರಣಿಯಲ್ಲಿ ತಾನಾಡಿದ ಮಾತು.

"ಹವಾಲ್ದಾರ್ರ, ನನಗಿಂತ ಸಂಶೇದಾಕಿ ಈ ಜಿಲ್ಲಾದಾಗ ಇದ್ದರ ತೋರಸ್ರಿ" ಎಂದಳು. "ಸಂಶೇದ ಕೆಲಸ ನನಗ ಗೊತ್ತೈತಿ. ಒಂದ ಮಾತು ಹೇಳ್ತೇನಿ ಕೇಳ್ರಿ. ತಪ್ಪು ಮಾಡಾಕ ಹೋದ ಗಂಡಸು ಫೋನು ಏನ್ ಮಾಡ್ತಾನ?"

"ಬಂದ್ ಮಾಡಿ ಇಡ್ತಾನ" ಎಂದ ಖಂಡೆಪ್ಪ, ಅನುಭವಿಯಂತೆ. ಕೂಡಲೇ ಕೆಮ್ಮಿದ.

"ಇಲ್ಲಾ ಕಟ್ ಮಾಡಿ, ಆಮ್ಯಾಲ ಸುಳ್ಳು ಹೇಳ್ತಾನ. ಹೌದಲ್ರಿ? ಇದು ಬಂದೂ ಇಲ್ಲ, ಕಟ್ಟೂ ಇಲ್ಲ. ನಿನ್ನಿಂದ ಪೂರ್ತಿ ಹೊಡಕೋತದ. ಫೋನು ಅವರ ಮೈಮ್ಯಾಲ ಐತಿ, ಕೈ ಮುಟ್ಟಾಕ ಬರವಲ್ತು. ಕೈ ಯಾರೋ ಕಟ್ಟ್ಯಾರ."

ಒಳಗಿನ ಕೋಣೆಯಿಂದ ಫೌಜದಾರ ಸಾಹೇಬರು ಹೊರಗೆ ಬಂದರು. ಹೊಸಬರು, ಗಿರಣಿಯ ಚರಿತ್ರೆ ಓದದವರು. "ಫೋನು ಯಾವ ಕಿಸೆಯಲ್ಲಿದೆ?" ಎಂದು ಕೇಳಿದರು. ರುಕ್ಮವ್ವ ನಾಚುತ್ತಾ ಕಿಸೆಯ ಭೂಗೋಳವನ್ನು ವಿವರಿಸಿದಳು. ಸಾಹೇಬರು ನಗಲಿಲ್ಲ. "ಖಂಡೆಪ್ಪ, ಕಳ್ಳರು ಅಂಗಿಯ ಕಿಸೆ ನೋಡಿರುತ್ತಾರೆ, ಅಲ್ಲಿ ನೋಡಿರುವುದಿಲ್ಲ. ಫೋನು ಚಾಲೂ ಇರುವತನಕ ಅದು ಯಾವ ಟವರಿನ ಕೆಳಗೆ ಇದೆ ಎಂಬುದನ್ನು ಕಂಪನಿಯವರು ಹೇಳಬಲ್ಲರು. ಬಿಜಾಪುರಕ್ಕೆ ಈಗಲೇ ಬರಿ" ಎಂದರು. ಆಮೇಲೆ ರುಕ್ಮವ್ವನ ಕಡೆ ತಿರುಗಿ, "ಬ್ಯಾಟರಿ ಎಷ್ಟು ದಿನ ಬರುತ್ತದೆ?"

"ಮೂರು ದಿನರಿ. ಸೋಮವಾರ ರಾತ್ರಿ ಚಾರ್ಜಿಗೆ ನಾನಽ ಹಾಕಿದ್ದೆ."

"ನೀವು ಹೀಗೆ ಬಾರಿಸುತ್ತಾ ಇದ್ದರೆ ಇವತ್ತೇ ಸಾಯುತ್ತದೆ. ಫೋನು ಸತ್ತರೆ ನಮಗೆ ಕಣ್ಣಿಲ್ಲ. ನಾನು ಹೇಳುವ ತನಕ ಒಂದು ಮಿಸ್‌ಕಾಲೂ ಕೊಡಬಾರದು."

ಇದು ಬಂತು ನೋಡಿ ಅಗ್ನಿಪರೀಕ್ಷೆ! ಭೀಷ್ಮ ಮದುವೆ ಬಿಟ್ಟನಂತೆ, ಕರ್ಣ ಕವಚ ಬಿಟ್ಟನಂತೆ. ಅವರಿಗೆಲ್ಲ ಅದು ಒಂದೇ ಸಲದ ಕೆಲಸ. ರುಕ್ಮವ್ವನಿಗೆ ಅರ್ಧ ತಾಸಿಗೊಮ್ಮೆ ಬಿಡಬೇಕಾಗಿತ್ತು. ಠಾಣೆಯ ಬೆಂಚಿನ ಮೇಲೆ ಕೂತವಳ ಹೆಬ್ಬೆರಳು ತಾನಾಗಿಯೇ ಹಸಿರು ಗುಂಡಿಯ ಕಡೆ ಹರಿದಾಡುತ್ತಿತ್ತು. ಕೊನೆಗೆ ಫೋನನ್ನು ಖಂಡೆಪ್ಪನ ಮೇಜಿನ ಮೇಲಿಟ್ಟು, "ಇದನ್ನ ಬೀರೂದಾಗ ಕೀಲಿ ಹಾಕ್ರಿ. ನನ್ನ ಮ್ಯಾಲ ನನಗ ನಂಬಿಗಿ ಇಲ್ಲ" ಎಂದಳು. ಅವಳ ಅನುಮಾನದ ಪಟ್ಟಿಗೆ ಸೇರದೆ ಉಳಿದಿದ್ದ ಒಂದೇ ಹೆಸರೂ ಅಂದು ಸೇರಿತು.

ಗುರುವಾರ ಬೆಳಗಿನ ಹತ್ತಕ್ಕೆ ಬಿಜಾಪುರದಿಂದ ಕಾಗದ ಬಂತು. ಖಂಡೆಪ್ಪ ಅದನ್ನು ಓದುತ್ತಾ ಓದುತ್ತಾ ಮೀಸೆ ತಿರುವತೊಡಗಿದ.

"ಸಾಹೇಬ್ರ, ನಾ ಹೇಳಿದ್ದಽ ಖರೆ" ಎಂದ. "ನೋಡ್ರಿಲ್ಲೆ. ನಿನ್ನಿ ಮೂರಕ್ಕ ಬಾಗೇವಾಡಿ ಟವರ್. ಮೂರು ಹತ್ತಕ್ಕ ಮನಗೂಳಿ ಟವರ್. ಮೂರೂವರಿಗೆ ಮತ್ತ ಬಾಗೇವಾಡಿ. ನಾಕಕ್ಕ ಮತ್ತ ಮನಗೂಳಿ. ದಿನಾ ಪೂರ್ತಿ ಹಿಂಗಽ. ಕಟ್ಟಿ ಹಾಕಿದ ಮನಶ್ಯಾ ಹಿಂಗ ಜಿಗಿದಾಡ್ತಾನೇನ್ರಿ? ಗಾಡಿ ತಗೊಂಡು ಮನಗೂಳಿ, ಬಾಗೇವಾಡಿ ಅಂತ ಮಜಾ ಮಾಡ್ಕೋತ ತಿರಗಾಕತ್ತಾನ. ಇಲ್ಲೊಂದು ಸಂಸಾರ, ಅಲ್ಲೊಂದು."

ಫೌಜದಾರರ ಮುಖವೂ ಗಂಭೀರವಾಯಿತು. ಈ ಕಾಗದ ನಂಬಿದರೆ ದುಂಡೇಶ ಬಲಿಪಶುವಲ್ಲ. ಮಾಲೀಕನ ಗಾಡಿ ಹೊಡೆದುಕೊಂಡು ಹೋದ ಆರೋಪಿ. "ಗಾಡಿಯನ್ನು ಹಿಡಿಯಲು ಎರಡೂ ಊರಿನ ನಾಕಾಗಳಿಗೆ ಹೇಳು. ಅವನನ್ನು ಹುಡುಕಿಕೊಂಡು ಹೋಗುವ ಜೀಪು ಸದ್ಯಕ್ಕೆ ಬೇಡ" ಎಂದರು.

ಓಣಿಯವರೂ ಠಾಣೆಯ ಬಾಗಿಲಿಗೆ ಬಂದು ನಿಂತಿದ್ದರು. ನೆರೆಮನೆಯ ರೇವವ್ವ ಸೆರಗು ಬಾಯಿಗೆ ಹಿಡಿದು, "ಎರಡ ಸಂಸಾರಂತವಾ!" ಎಂದು ಹಿಂದಿನವರಿಗೆ ದಾಟಿಸಿದಳು. ರುಕ್ಮವ್ವನ ಇಡೀ ಬಾಳಿನ ಸಂಶಯಕ್ಕೆ ಸರಕಾರಿ ಸಿಕ್ಕಾ ಬಿದ್ದ ಗಳಿಗೆ ಅದು. ಬೇರೆ ದಿನವಾಗಿದ್ದರೆ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ದೇವರ ಜಗುಲಿಯ ಮೇಲಿಡುತ್ತಿದ್ದಳು.

ಅವಳು ಕಾಗದವನ್ನು ಕಸಿದುಕೊಂಡು ತಾನೇ ಓದಿದಳು. ಇಂಗ್ಲೀಷ್ ಅಕ್ಷರ.

"ನಿನಗ ಇಂಗ್ಲೀಷ್ ಬರ್ತದೇನಬೇ?" ಎಂದ ಖಂಡೆಪ್ಪ, ದಂಗಾಗಿ.

"ಊರ ಹೆಸರಷ್ಟಽ ಬರ್ತಾವು" ಎಂದಳು ರುಕ್ಮವ್ವ. ಆಮೇಲೆ, ಸಾಯುವವರೆಗೂ ಯಾರಿಗೂ ಹೇಳಬಾರದೆಂದು ಬಚ್ಚಿಟ್ಟುಕೊಂಡಿದ್ದ ಒಂದು ಕತೆಯನ್ನು ಇಡೀ ಓಣಿಯ ಮುಂದೆ ಬಿಚ್ಚಬೇಕಾಯಿತು.

ಆ ಕಾಲದ ಫೋನುಗಳ ಪರದೆಯ ಮೇಲೆ, ಹಿಡಿದವನು ಯಾವ ಟವರಿನ ಕೆಳಗಿದ್ದಾನೋ ಆ ಊರಿನ ಹೆಸರು ಮೂಡುತ್ತಿತ್ತು. ಇದು ತಿಳಿದ ದಿನವೇ ರುಕ್ಮವ್ವ ಮಗಳಿಂದ ಇಂಗ್ಲೀಷ್ ಅಕ್ಷರ ಕಲಿಯಲು ಕೂತಳು. ವಯಸ್ಕರ ಶಿಕ್ಷಣದವರು ಹತ್ತು ವರ್ಷ ಹೆಣಗಿದರೂ ಆಗದ ಕೆಲಸವನ್ನು ಸಂಶಯ ಹನ್ನೊಂದು ದಿನಗಳಲ್ಲಿ ಮಾಡಿ ಮುಗಿಸಿತು. ಆಮೇಲೆ ಗಂಡ ಎಲ್ಲಿಂದ ಮಾತಾಡಿದರೂ ಪರದೆಯ ಅಕ್ಷರಗಳನ್ನು ಒಂದೊಂದಾಗಿ ಹೇಳಿಸುತ್ತಿದ್ದಳು. ಹಿಂದಿನ ವರ್ಷ ಒಂದು ದಿನ ಅವನು, "ಮನಗೂಳಿ ದಾಟಿ ಪಂಕ್ಚರ್ ಆಗಿ ನಿಂತೇನಿ" ಎಂದು ಮನಗೂಳಿಯ ಅಕ್ಷರ ಹೇಳಿದ. ಹತ್ತು ನಿಮಿಷ ಬಿಟ್ಟು ಕೇಳಿದರೆ ಬಾಗೇವಾಡಿಯ ಅಕ್ಷರ ಹೇಳಿದ. ಪಂಕ್ಚರ್ ಆದ ಗಾಡಿ ಹತ್ತು ನಿಮಿಷದಲ್ಲಿ ಊರು ಬದಲಿಸುವುದುಂಟೇ! ಸಿಕ್ಕಿಬಿದ್ದನೆಂದು ಅವಳು ಆ ರಾತ್ರಿ ಅವನಿಗೆ ಊಟಕ್ಕೆ ಬಡಿಸಲಿಲ್ಲ.

"ಮರುದಿನ ಅವರು ಇಂಡಿಗೆ ಹೋದ ಕೂಡ್ಲೆ, ನಾ ರಾಜಶ್ರೀನ ಕರಕೊಂಡು ಬಸ್ ಹತ್ತಿ ಆ ಜಾಗಾಕ್ಕ ಹೋದ್ನಿರಿ" ಎಂದಳು ರುಕ್ಮವ್ವ. "ಮನಗೂಳಿ ದಾಟಿದ ಮ್ಯಾಲ ರಸ್ತಾ ಹಳ್ಳದ ತಗ್ಗಿಗೆ ಇಳೀತದಲ್ರಿ, ಅಲ್ಲೆ ಬಂದ್ ಬಿದ್ದ ಒಂದು ಹತ್ತಿ ಮಿಲ್ಲು ಐತಿ. ಅದರ ಗ್ವಾಡಿ ಮ್ಯಾಲ ಮೂರು ತಾಸು ಫೋನು ಹಿಡಕೊಂಡು ಕುಂತೆ. ಕುಂತಲ್ಲೆ ಕುಂತಿದ್ರೂ ಒಮ್ಮೆ ಮನಗೂಳಿ ಅಂತದ, ಒಮ್ಮೆ ಬಾಗೇವಾಡಿ ಅಂತದ. ಎರಡೂ ಟವರು ಅಲ್ಲೆ ಜಗ್ಗಾಡತಾವು. ಮುಂದ ಎರಡು ಹೊಲ ದಾಟಿದ್ರ ಬರೇ ಬಾಗೇವಾಡಿ, ಹಿಂದ ಏರಿ ಮ್ಯಾಲ ಹೋದ್ರ ಬರೇ ಮನಗೂಳಿ. ಎಲ್ಲಾ ಕಡೆ ನಿಂತು ನೋಡೇನಿ. ಇವರು ತಿರಗಾಕತ್ತಿಲ್ಲರಿ ಸಾಹೇಬ್ರ. ಆ ತಗ್ಗಿನಾಗ ಬಿದ್ದಾರ."

ಫೌಜದಾರರು ಬಿಜಾಪುರಕ್ಕೆ ಫೋನು ಹಚ್ಚಿ, ಕಂಪನಿಯ ಮನುಷ್ಯನಿಗೆ ಇದನ್ನೇ ಕೇಳಿದರು. ಆತ ಆ ಕಡೆಯಿಂದ, ಎರಡು ಟವರಿನ ಗಡಿಯಲ್ಲಿ ಕೂತ ಫೋನು ಹಾಗೆ ಹೊಯ್ದಾಡುವುದುಂಟು, ಜಾಗ ಗೊತ್ತಿದ್ದರೆ ಈಗಲೇ ಹೊರಡಿ, ಇವತ್ತು ಬೆಳಗಿನಿಂದ ಸಿಗ್ನಲ್ ಸಣ್ಣಗಾಗುತ್ತಿದೆ ಎಂದ.

"ಅಂದ್ರ ಅವತ್ತು ದುಂಡೇಶ ಖರೇ ಹೇಳಿದ್ದ?" ಎಂದ ಖಂಡೆಪ್ಪ, ಟೋಪಿ ಹಾಕಿಕೊಳ್ಳುತ್ತಾ.

"ಖರೇನಽ ಹೇಳಿದ್ರು."

"ಮತ್ತ ಹೊಳ್ಳಿ ಬಂದು ಅವಗ ಹೇಳಿದೇನ, ನಿಂದು ತಪ್ಪಿಲ್ಲ ಅಂತ?"

"ಇಲ್ಲ" ಎಂದಳು ರುಕ್ಮವ್ವ. ಅಷ್ಟು ಸಣ್ಣ ದನಿ ಅವಳಲ್ಲಿ ಇದೆ ಎಂದು ಓಣಿಯವರಿಗೆ ಗೊತ್ತಿರಲಿಲ್ಲ. ರೇವವ್ವನೂ ಅದನ್ನು ಹಿಂದಿನವರಿಗೆ ದಾಟಿಸಲಿಲ್ಲ.

ಜೀಪು ಬಾಗೇವಾಡಿ ಹಾದು ಮನಗೂಳಿಯ ದಾರಿ ಹಿಡಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ತಗ್ಗಿನಲ್ಲಿ ಮಿಲ್ಲು, ಅದರ ಸುತ್ತ ಎದೆಮಟ್ಟದ ಜಾಲಿ. ತಗಡಿನ ಬಾಗಿಲಿಗೆ ಜಂಗು ಹಿಡಿದ ಚಿಲಕ, ಚಿಲಕಕ್ಕೆ ಹೊಚ್ಚ ಹೊಸ ಬೀಗ. ಆ ಹೊಸ ಬೀಗವನ್ನು ಮೊದಲು ಕಂಡವಳು ಯಾರು ಎಂದು ಬೇರೆ ಹೇಳಬೇಕಿಲ್ಲ. ಖಂಡೆಪ್ಪ ಕಲ್ಲಿನಿಂದ ಕುಟ್ಟಿದ. ಒಳಗೆ ಕತ್ತಲು, ಹಳೆಯ ಹತ್ತಿಯ ಧೂಳು. ಸಾಹೇಬರು ರುಕ್ಮವ್ವನ ಕೈಗೆ ಅವಳ ಫೋನು ಕೊಟ್ಟು, "ಈಗ ಕೊಡಿ" ಎಂದರು.

ಅವಳು ಹಸಿರು ಗುಂಡಿ ಒತ್ತಿದಳು. ಮೂಲೆಯ ಗೋಣಿಚೀಲಗಳ ರಾಶಿಯೊಳಗಿಂದ, ಡಬ್ಬಿಯಲ್ಲಿ ಸಿಕ್ಕ ದುಂಬಿಯಂತೆ ಗುರ್‍ ಗುರ್‍ ಎಂಬ ಸದ್ದು ಬಂತು. ಎರಡು ಸಲ ಬಂದು ನಿಂತಿತು. ಬ್ಯಾಟರಿ ಅಲ್ಲಿಗೆ ಮುಗಿಯಿತು.

ಗೋಣಿಚೀಲ ಸರಿಸಿದಾಗ ದುಂಡೇಶ ಇದ್ದ. ಕೈ ಹಿಂದಕ್ಕೆ ಕಟ್ಟಿತ್ತು, ಬಾಯಿಗೆ ಅವನದೇ ರುಮಾಲು ತುರುಕಿತ್ತು, ತುಟಿ ಎರೆಹೊಲದಂತೆ ಬಿರಿದಿತ್ತು. ಗಾಡಿ ಮಾರಲು ಹೋದ ಕಳ್ಳರು ಇವನನ್ನು ಹೀಗೇ ಒಣಗಲು ಬಿಟ್ಟು ಹೋಗಿದ್ದರು. ಖಂಡೆಪ್ಪ ರುಮಾಲು ತೆಗೆದ. ಎರಡು ಹಗಲು ಎರಡು ರಾತ್ರಿ ಸಾವಿನ ಜೊತೆ ಒಂದೇ ಚಾಪೆಯಲ್ಲಿ ಮಲಗಿದ ಆ ಮನುಷ್ಯ, ಬಾಯಿ ಬಿಟ್ಟ ಕೂಡಲೇ ನೀರು ಕೇಳಲಿಲ್ಲ.

"ಸಾಹೇಬ್ರ" ಎಂದ, ತೆವಳುವ ದನಿಯಲ್ಲಿ. "ನನ್ನ ಕಟ್ಟಿ ಹಾಕಿದ್ರು ಅಂತ ಒಂದು ಕಾಗದಾ ಬರೆದು, ಸಿಕ್ಕಾ ಹೊಡೆದು ಕೊಡ್ರಿ. ನಮ್ಮ ಮನಿಯಾಕಿ ನಂಬೂದಿಲ್ಲ."

"ಆಕೀನಽ ಕರಕೊಂಡು ಬಂದಾಳೋ ಮಾರಾಯಾ" ಎಂದ ಖಂಡೆಪ್ಪ.

ದುಂಡೇಶ ಕತ್ತು ಹೊರಳಿಸಿ ನೋಡಿದ. ರುಕ್ಮವ್ವ ಅವನ ಪಕ್ಕ ಕೂತು, ಬಾವು ಬಂದ ಮಣಿಕಟ್ಟಿನ ಹಗ್ಗದ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. "ಕಾಗದಾ ಬ್ಯಾಡ್ರಿ" ಎಂದಳು ಕೊನೆಗೆ. "ಹ್ವಾದ ವರ್ಷ ಪಂಕ್ಚರ್ ಆಗಿತ್ತಲ್ರಿ, ಅದೂ ಖರೇನಽ ಇತ್ತು. ನನಗ ಗೊತ್ತೈತಿ." ಅವಳ ಕಣ್ಣಿಂದ ಎರಡು ಹನಿ ಅವನ ಕೈಮೇಲೆ ಬಿದ್ದವು. ದುಂಡೇಶ ಅವನ್ನು ಸಂಶಯದಿಂದ ನೋಡಿದ.

ಜೀಪು ಬಾಗೇವಾಡಿಯ ದವಾಖಾನೆಯ ಕಡೆ ತಿರುಗಿತು. ಹಿಂದಿನ ಸೀಟಿನಲ್ಲಿ ರುಕ್ಮವ್ವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಂಬಿಗೆಯಿಂದ ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದಳು. ಎದುರಿಗೆ ಕೂತ ಖಂಡೆಪ್ಪ ತೊಡೆಯ ಮೇಲೆ ಹಾಳೆ ಹರಡಿ ಹೇಳಿಕೆ ಬರೆದುಕೊಳ್ಳತೊಡಗಿದ. ಕಳ್ಳರು ಗಾಡಿ ಮಾರುವುದರೊಳಗೆ ಅವರ ಚಹರೆ ನಾಕಾಗಳಿಗೆ ಮುಟ್ಟಬೇಕಿತ್ತು.

"ಎಷ್ಟು ಮಂದಿ ಇದ್ರೋ?"

"ಇಬ್ಬರ್‍ರಿ. ಸ್ಟ್ಯಾಂಡಿನಾಗ ಹತ್ತಿದ್ರು."

"ಇಬ್ಬರಽ? ಇಬ್ಬರಿಗೆ ನಿನ್ನಂಥ ಗಟ್ಟಿ ಆಳು ಹ್ಯಾಂಗ ಸಿಕ್ಕಿ?"

ದುಂಡೇಶ ಕಣ್ಣು ಮುಚ್ಚಿಕೊಂಡ. "ಮೂರು ಮಂದಿ" ಎಂದ ಮೆಲ್ಲಗೆ. "ಒಬ್ಬರು ದಾರ್‍ಯಾಗ ಹತ್ತಿದ್ರು. ಪೇಷಂಟ್ ಅಂತ ಹೇಳಿ. ಹೊಟ್ಟಿ ಹಿಡಕೊಂಡು ನರಳಾಕತ್ತಿದ್ರು. ಅದಕ್ಕಽ ನಾ ಗಾಡಿ ನಿಂದರ್ಸಿ ನೀರು ಕೊಡಾಕ ಹ್ವಾದೆ. ಅಷ್ಟರಾಗ ಹಿಂದಿನವರು ಕುತಗಿಗೆ ಹಗ್ಗಾ ಹಾಕಿದ್ರು."

"ಮೂರನೇದಾಂವ ಹ್ಯಾಂಗಿದ್ದ? ಎತ್ತರಾ? ಬಣ್ಣಾ?"

"ಮೂರನೇದು... ಅಂವ ಅಲ್ರಿ."

"ಅಂವ ಅಲ್ಲಂದ್ರ?"

"ಆಕಿ."

ಖಂಡೆಪ್ಪನ ಪೆನ್ನು ನಿಂತಿತು. ಜೀಪಿನ ಡ್ರೈವರು ಗೇರು ಇಳಿಸಿದ. ದುಂಡೇಶನ ತುಟಿಯ ಹತ್ತಿರ ಬಂದಿದ್ದ ತಂಬಿಗೆ ಅಲ್ಲೇ ಗಾಳಿಯಲ್ಲಿ ನಿಂತಿತು.

"ಎಲ್ಲಿ ಕುಂತಿದ್ಲು?" ಕೇಳಿದ್ದು ಪೊಲೀಸರಲ್ಲ.

"...ಮುಂದ. ನನ್ನ ಬಾಜೂಕ."

ಆಮೇಲೆ ತಂಬಿಗೆ ಮತ್ತೆ ಕೆಳಗಿಳಿದು ಅವನ ತುಟಿಗೆ ತಾಕಿತು.

"ಮೊದಲ ನೀರು ಕುಡೀರಿ" ಎಂದಳು ರುಕ್ಮವ್ವ, ಜೇನಿನಂಥ ದನಿಯಲ್ಲಿ. "ಆಮ್ಯಾಲ ಸಾವಕಾಶ ಹೇಳ್ರಿ. ಎಲ್ಲಾ ಹೇಳ್ರಿ."

ಎರಡು ದಿನ ಹನಿ ನೀರಿಲ್ಲದೆ ಒಣಗಿದ ಮನುಷ್ಯನೊಬ್ಬ ಒಂದು ತಂಬಿಗೆ ನೀರನ್ನು ಅಷ್ಟು ನಿಧಾನವಾಗಿ ಕುಡಿದದ್ದನ್ನು ಖಂಡೆಪ್ಪ ತನ್ನ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ.